ದಿಲ್ಲಿಯ ದಫ್ತರದಲ್ಲಿ ಸ್ಕಾಟ್ಲೆಂಡ್ ಹುಡುಕುವವರು

1835ರ ಮಾರ್ಚ್ 22ರಂದು ಕತ್ತಲಾದ ಮೇಲೆ ದಿಲ್ಲಿಯ ಕಮಿಷನರ್ ವಿಲಿಯಂ ಫ್ರೇಸರ್ ಕುದುರೆಯೇರಿ ರಿಡ್ಜ್ ಗುಡ್ಡದ ಮೇಲಿನ ತನ್ನ ಬಂಗಲೆಗೆ ಮರಳುತ್ತಿದ್ದ. ದಾರಿಯಲ್ಲಿ ಸವಾರನೊಬ್ಬ ಅವನ ಪಕ್ಕಕ್ಕೆ ಕುದುರೆ ತಂದು ಗುಂಡು ಹಾರಿಸಿ ಓಡಿಹೋದ. ಗುಂಡು ಹಾರಿಸಿದವನು ಕರೀಂ ಖಾನ್. ಅವನನ್ನು ಕಳಿಸಿದವನು ಫಿರೋಜ್‌ಪುರ ಝಿರ್ಕಾದ ನವಾಬ ಶಂಸುದ್ದೀನ್ ಖಾನ್ ಎಂದು ತನಿಖೆ ಹೇಳಿತು. ಅದೇ ವರ್ಷ ಇಬ್ಬರನ್ನೂ ಗಲ್ಲಿಗೇರಿಸಿದರು. ಫಿರೋಜ್‌ಪುರ ಝಿರ್ಕಾ ಈಗ ಹರಿಯಾಣದ ನೂಹ್ ಜಿಲ್ಲೆಗೆ, ಅಂದರೆ ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿದ ಊರು. ರಿಡ್ಜ್ ಮೇಲಿನ ಬಂಗಲೆ ಮುಂದೆ ಹಿಂದೂ ರಾವ್ ಎಂಬ ಮರಾಠಾ ಸರದಾರನ ಪಾಲಾಯಿತು. ಅವನ ಹೆಸರಿನ ಆಸ್ಪತ್ರೆಗೆ ಉತ್ತರ ದಿಲ್ಲಿಯ ಜನ ಇಂದಿಗೂ ಹೋಗುತ್ತಾರೆ.

ಉರ್ದು ಓದುವವರಿಗೆ ಈ ಪ್ರಕರಣ ಬೇರೆ ಕಾರಣಕ್ಕೆ ಪರಿಚಿತ. ಮಿರ್ಜಾ ಗಾಲಿಬನಿಗೆ ಬರಬೇಕಿದ್ದ ಪಿಂಚಣಿಯ ವ್ಯಾಜ್ಯ ಇದೇ ನವಾಬನ ಮನೆತನದ ಜೊತೆಗಿತ್ತು. ನವಾಬನ ವಿರುದ್ಧ ಸುಳಿವು ಕೊಟ್ಟವನು ಗಾಲಿಬನೇ ಎಂದು ಊರೆಲ್ಲ ಗುಸುಗುಸು ಎದ್ದಿತ್ತು. ನವಾಬ ನೇಣಿಗೇರಿದಾಗ ಅವನಿಗೂ ವಜೀರ್ ಖಾನಂಳಿಗೂ ಹುಟ್ಟಿದ ಮಗ ಇನ್ನೂ ಪುಟ್ಟ ಕೂಸು. ಆ ಕೂಸೇ ಮುಂದೆ ದಾಗ್ ದೆಹಲ್ವಿ ಎಂಬ ದೊಡ್ಡ ಗಜಲ್ ಕವಿಯಾದ. ಶಂಸುರ್ ರಹಮಾನ್ ಫಾರೂಖಿಯವರ ಮಹಾಕಾದಂಬರಿ ಹುಟ್ಟಿದ್ದೇ ಈ ವಜೀರ್ ಖಾನಂಳ ಬದುಕಿನಿಂದ.

ಸತ್ತವನ ಕಡೆಯಿಂದ ನೋಡಿದರೆ ಕಥೆ ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ಫ್ರೇಸರ್ 1784ರಲ್ಲಿ ಹುಟ್ಟಿದ್ದು ಉತ್ತರ ಸ್ಕಾಟ್ಲೆಂಡಿನ ಇನ್ವರ್‌ನೆಸ್ ಹತ್ತಿರದ ರೀಲಿಗ್ ಎಂಬ ಜಮೀನುದಾರಿಕೆಯ ಮನೆಯಲ್ಲಿ. ದಕ್ಷಿಣ ಅಮೆರಿಕದ ಬರ್ಬೀಸ್‌ನಲ್ಲಿ ಆ ಕುಟುಂಬಕ್ಕೆ ಗುಲಾಮರ ದುಡಿಮೆಯ ತೋಟಗಳಿದ್ದವು, ಅವುಗಳಿಂದ ಬಂದ ಸಾಲವೂ ಇತ್ತು. ಸಾಲ ತೀರಿಸಲು ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ಭಾರತಕ್ಕೆ ಹೊರಟರು. ವಿಲಿಯಮ್ಮನೂ ಅವನ ಅಣ್ಣ ಜೇಮ್ಸ್ ಬೇಲಿ ಫ್ರೇಸರನೂ ದಿಲ್ಲಿಯ ಚಿತ್ರಕಾರರಿಂದ ಬರೆಸಿದ ಚಿತ್ರಗಳು 1979ರಲ್ಲಿ ಅವರ ಮನೆತನದ ಕಾಗದಪತ್ರಗಳ ನಡುವೆ ಸಿಕ್ಕಿದವು. ಕುದುರೆ ವ್ಯಾಪಾರಿಗಳು, ಸಿಪಾಯಿಗಳು, ಹರಿಯಾಣದ ಹಳ್ಳಿಗರು ಎದುರಿಗೆ ನಿಂತಂತೆ ಕಾಣುವ ಆ ಚಿತ್ರಗಳನ್ನು ಕಲಾಚರಿತ್ರೆಕಾರರು ಫ್ರೇಸರ್ ಆಲ್ಬಂ ಎನ್ನುತ್ತಾರೆ. ಹರಾಜಾಗಿ ಅವು ಈಗ ಲೋಕದ ನಾನಾ ಸಂಗ್ರಹಗಳಲ್ಲಿ ಚದುರಿಹೋಗಿವೆ.

ಒಂದು ಕೊಲೆ, ಮೂರು ಬಗೆಯ ದಾಖಲೆ. ಮನೆಗೆ ಬರೆದ ಪತ್ರಗಳು ಸ್ಕಾಟ್ಲೆಂಡಿನಲ್ಲಿ, ಕಂಪನಿ ಸರ್ಕಾರದ ಕಡತಗಳು ದಿಲ್ಲಿಯಲ್ಲಿ, ಜನರ ನೆನಪು ಉರ್ದುವಿನಲ್ಲಿ. ಇವುಗಳಲ್ಲಿ ಒಂದನ್ನೇ ಓದಿದವನಿಗೆ ಫ್ರೇಸರ್ ಒಂದೋ ವೀರನಾಗಿ, ಇಲ್ಲವೇ ಖಳನಾಗಿ ಕಾಣುತ್ತಾನೆ. ಮೂರನ್ನೂ ಓದಬೇಕೆಂದು ಪಟ್ಟು ಹಿಡಿದು ಕೂತ ವಿದ್ಯಾರ್ಥಿಯ ಕೆಲಸವನ್ನು ವಿಶ್ವವಿದ್ಯಾಲಯಗಳು ಸ್ಕಾಟಿಷ್ ಮತ್ತು ಕೆಲ್ಟಿಕ್ ಅಧ್ಯಯನ ಎಂಬ ವಿಭಾಗದಲ್ಲಿ ಇಡುತ್ತವೆ.

ಹೆಸರು ಕೇಳಿದರೆ ನಮಗೆ ಸಂಬಂಧವಿಲ್ಲದ ಶಾಸ್ತ್ರವೆನಿಸುತ್ತದೆ. ಒಳಗೆ ಹೊಕ್ಕರೆ ಪರಿಚಿತ ಮುಖಗಳೇ ಹೆಚ್ಚು.

ಕೆಲ್ಟಿಕ್ ಎನ್ನುವುದು ಒಂದು ಭಾಷಾ ಬಳಗ. ಐರಿಷ್, ಸ್ಕಾಟಿಷ್ ಗೇಲಿಕ್, ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್ ಒಂದು ಕವಲು. ವೆಲ್ಷ್, ಕಾರ್ನಿಷ್, ಫ್ರಾನ್ಸಿನ ಬ್ರೆಟನ್ ಇನ್ನೊಂದು. ಇವುಗಳಲ್ಲಿ ಮ್ಯಾಂಕ್ಸ್‌ನ ಕೊನೆಯ ಮನೆಮಾತುಗಾರ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ. (ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಕಮಿಷನರ್ ಮಾರ್ಕ್ ಕಬ್ಬನ್ ಆ ಪುಟ್ಟ ದ್ವೀಪದವನೇ. ನಮ್ಮಲ್ಲಿ ಅವನನ್ನು ಇಂಗ್ಲೆಂಡಿನವನೆಂದು ಕರೆದು ಸುಮ್ಮನಾಗುತ್ತೇವೆ.) ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷಿನ ಜೊತೆ ಇನ್ನೆರಡು ನುಡಿಗಳಿವೆ: ಕವಿ ರಾಬರ್ಟ್ ಬರ್ನ್ಸ್ ಬರೆದ ಸ್ಕಾಟ್ಸ್, ಮತ್ತು ವಾಯವ್ಯದ ಹೈಲ್ಯಾಂಡ್ ಗುಡ್ಡಗಾಡಿನ, ದ್ವೀಪಗಳ ಗೇಲಿಕ್. 2011ರ ಜನಗಣತಿಯಲ್ಲಿ ಗೇಲಿಕ್ ಆಡುವವರು ಸುಮಾರು 57,000. 2022ರಲ್ಲಿ ಸುಮಾರು 69,700. ಎರಡೂ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಡುವ ಮಸೂದೆಯನ್ನು ಅಲ್ಲಿನ ಸಂಸತ್ತು ಅಂಗೀಕರಿಸಿದ್ದು ತೀರಾ ಈಚೆಗೆ, 2025ರಲ್ಲಿ. ತುಳು, ಕೊಡವ ಭಾಷೆಗಳ ಅರ್ಜಿ ದಿಲ್ಲಿಯ ಮೇಜಿನಿಂದ ಮೇಜಿಗೆ ಹೋಗುವುದನ್ನು ಕಂಡವರಿಗೆ ಈ ಸುದ್ದಿಯ ಹಿಂದಿನ ವರ್ಷಗಳು ಅರ್ಥವಾಗುತ್ತವೆ.

ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಕೆಲ್ಟಿಕ್ ಪೀಠ ಶುರುವಾದದ್ದು 1882ರಲ್ಲಿ. ಗ್ರೀಕ್ ಪ್ರಾಧ್ಯಾಪಕ ಜಾನ್ ಸ್ಟುವರ್ಟ್ ಬ್ಲ್ಯಾಕಿ ಅದಕ್ಕಾಗಿ ಊರೂರು ಸುತ್ತಿ ಹಣ ಎತ್ತಿದ. ಡೊನಾಲ್ಡ್ ಮೆಕಿನಾನ್ ಮೊದಲ ಪ್ರಾಧ್ಯಾಪಕನಾದ. 1951ರಲ್ಲಿ ಅಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಹುಟ್ಟಿತು. ಅದರ ಸಂಶೋಧಕರು ಟೇಪ್ ರೆಕಾರ್ಡರ್ ಹೊತ್ತು ರೈತರ ಅಟ್ಟ, ಅಲೆಮಾರಿಗಳ ಗುಡಾರ ಹೊಕ್ಕರು. 1953ರಲ್ಲಿ ಹೇಮಿಷ್ ಹೆಂಡರ್ಸನ್ ಅಬರ್ಡೀನ್‌ನ ಜೀನಿ ರಾಬರ್ಟ್‌ಸನ್ ಎಂಬ ಹೆಂಗಸಿನ ಮನೆಗೆ ಹೋದಾಗ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಲಾವಣಿಗಳು ಅವಳ ಕೊರಳಲ್ಲಿದ್ದವು. ಜೀ.ಶಂ. ಪರಮಶಿವಯ್ಯನವರು ತಂಬೂರಿಯವರ, ನೀಲಗಾರರ ಬಾಯಲ್ಲಿ ಮಹಾಕಾವ್ಯಗಳನ್ನು ಕೇಳಿಸಿಕೊಂಡ ಕೆಲಸದ ದಾಯಾದಿ ಇದು. ಸ್ಕಾಟ್ಲೆಂಡಿನ ಆ ಧ್ವನಿಮುದ್ರಣಗಳಲ್ಲಿ ಸಾವಿರಗಟ್ಟಲೆ ಈಗ ಟೋಬರ್ ಅನ್ ದುವಲ್ಕಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಈ ಶಾಸ್ತ್ರದ ತೊಟ್ಟಿಲಲ್ಲೇ ಭಾರತದ ದುಡ್ಡಿದೆ ಎಂಬುದು ಕಡಿಮೆ ಜನಕ್ಕೆ ಗೊತ್ತು. 1760ರ ದಶಕದಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬಾತ ಆಸಿಯನ್ ಎಂಬ ಪ್ರಾಚೀನ ಗೇಲಿಕ್ ಕವಿಯ ಕಾವ್ಯವನ್ನು ಇಂಗ್ಲಿಷಿಗೆ ತಂದಿದ್ದೇನೆ ಎಂದ. ಯುರೋಪೆಲ್ಲ ಹುಚ್ಚೆದ್ದಿತು. ಮೂಲ ತೋರಿಸು ಎಂದು ಸ್ಯಾಮ್ಯುಯೆಲ್ ಜಾನ್ಸನ್ ಗದರಿದ. ಆಗ ಆ ಗೇಲಿಕ್ ಪಾಠವನ್ನು ಅಚ್ಚುಹಾಕಿಸಲೆಂದು ಭಾರತದಲ್ಲಿದ್ದ ಹೈಲ್ಯಾಂಡ್ ಅಧಿಕಾರಿಗಳು ಚಂದಾ ಎತ್ತಿ ಸುಮಾರು 1000 ಪೌಂಡ್ ಕಳಿಸಿದರು. ಪುಸ್ತಕ ಹೊರಬಂದದ್ದು 1807ರಲ್ಲಿ, ಮ್ಯಾಕ್‌ಫರ್ಸನ್ ಸತ್ತ ಮೇಲೆ. ಅದರಲ್ಲಿ ಎಷ್ಟು ಹಳೆಯದು, ಎಷ್ಟು ಅವನೇ ಹೊಸೆದದ್ದು ಎಂಬ ಜಗಳ ಆಮೇಲೂ ನಿಲ್ಲಲಿಲ್ಲ. ಅಂದಹಾಗೆ, ಮ್ಯಾಕ್‌ಫರ್ಸನ್‌ನ ಇನ್ನೊಂದು ಉದ್ಯೋಗ ಆರ್ಕಾಟಿನ ನವಾಬನ ಪರವಾಗಿ ಲಂಡನ್ನಿನಲ್ಲಿ ವಕಾಲತ್ತು ಮಾಡುವುದು.

ಇನ್ನು ಓದಿನ ಕ್ರಮದ ಮಾತು. ಸ್ಕಾಟ್ಲೆಂಡಿನಲ್ಲಿ ಸ್ನಾತಕೋತ್ತರ ಹಂತದಲ್ಲೇ ಸಂಶೋಧನೆಯ ಪದವಿಯೊಂದಿದೆ. ತರಗತಿಗಳು ಕಮ್ಮಿ, ಒಂದು ವಿಷಯ, ಒಬ್ಬರೋ ಇಬ್ಬರೋ ಮೇಲ್ವಿಚಾರಕರು, ಕೊನೆಗೆ ಒಂದು ದೀರ್ಘ ಪ್ರಬಂಧ. ಏನು ಓದಬೇಕೆಂದು ವಿದ್ಯಾರ್ಥಿಯೇ ತೀರ್ಮಾನಿಸುತ್ತಾನೆ. ಓದಿದ್ದು ನಿಲ್ಲುತ್ತದೋ ಇಲ್ಲವೋ ಎಂದು ಮೇಲ್ವಿಚಾರಕರು ತಟ್ಟಿ ನೋಡುತ್ತಾರೆ. ನಮ್ಮಲ್ಲಿ ಬಹುಕಾಲ ಈ ಜಾಗದಲ್ಲಿದ್ದದ್ದು ಎಂ.ಫಿಲ್. ದಿಲ್ಲಿ ವಿಶ್ವವಿದ್ಯಾಲಯದ, ಜೆಎನ್‌ಯುವಿನ ಎಷ್ಟೋ ಒಳ್ಳೆಯ ಪುಸ್ತಕಗಳು ಮೊದಲು ಎಂ.ಫಿಲ್. ಪ್ರಬಂಧಗಳಾಗಿದ್ದವು. 2022ರ ನವೆಂಬರಿನಲ್ಲಿ ಯುಜಿಸಿ ತಂದ ಹೊಸ ನಿಯಮ ಆ ಪದವಿಯನ್ನು ನಿಲ್ಲಿಸಿತು. ಈಗ ಎಂ.ಎ. ಮುಗಿಸಿದವರು, ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರು, ನೇರವಾಗಿ ಪಿಎಚ್.ಡಿ.ಗೇ ಬರಬೇಕು. ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6. ಮೊದಲು ಕೋರ್ಸ್‌ವರ್ಕ್, ಆಮೇಲೆ ಸಿನಾಪ್ಸಿಸ್, ಪ್ರತಿ ಸೆಮಿಸ್ಟರಿನಲ್ಲೂ ಸಲಹಾ ಸಮಿತಿಯ ಮುಂದೆ ವರದಿ, ಕೊನೆಗೆ ಹೊರಗಿನ ಪರೀಕ್ಷಕರ ಎದುರು ವೈವಾ. ಒಬ್ಬ ಪ್ರೊಫೆಸರ್ ಒಮ್ಮೆಗೆ 8 ಮಂದಿಗಿಂತ ಹೆಚ್ಚು ಜನರಿಗೆ ಗೈಡ್ ಆಗುವಂತಿಲ್ಲ.

ಎಂ.ಫಿಲ್. ಹೋದದ್ದರಿಂದ ಒಂದು ನಷ್ಟವಂತೂ ಆಗಿದೆ. ಸಂಶೋಧನೆ ತನಗೆ ಒಗ್ಗುತ್ತದೋ ಇಲ್ಲವೋ ಎಂದು ಒಂದೆರಡು ವರ್ಷದಲ್ಲಿ ಪರೀಕ್ಷಿಸಿಕೊಳ್ಳುವ ಮೆಟ್ಟಿಲು ಅದಾಗಿತ್ತು. ಈಗ ಎಂ.ಎ.ಯ ಕೊನೆಯ ಡಿಸರ್ಟೇಶನ್ ಒಂದೇ ಆ ಅವಕಾಶ.

ದಿಲ್ಲಿಯಲ್ಲಿ ಇಂಥ ವಿಷಯ ಎತ್ತಿಕೊಂಡವರು ಇತಿಹಾಸ, ಇಂಗ್ಲಿಷ್ ಅಥವಾ ಭಾರತೀಯ ಭಾಷಾ ವಿಭಾಗಗಳ ಬಾಗಿಲು ತಟ್ಟಬೇಕು. ಗೇಲಿಕ್ ಬಲ್ಲ ಗೈಡ್ ಸಿಗುವುದು ಕಷ್ಟ. ಆದರೆ ಗೈಡ್‌ಗೆ ಎಲ್ಲ ಭಾಷೆಯೂ ಬರಬೇಕೆಂದೇನಿಲ್ಲ. ಈ ಪ್ರಶ್ನೆಗೆ ಈ ಕಡತ ಉತ್ತರ ಕೊಡುತ್ತದೆಯೇ, ಈ ಸಾಕ್ಷಿಯನ್ನು ಯಾರು ಯಾಕೆ ಬರೆಸಿದರು, ನೀನು ಹೇಳುತ್ತಿರುವುದು ನಿನಗಿಂತ ಮೊದಲು ಯಾರೂ ಹೇಳಿಲ್ಲವೇ ಎಂದು ಕೇಳುವವರು ಎದುರಿಗೆ ಇದ್ದರೆ ಸಾಕು. ಸ್ಕಾಟ್ಲೆಂಡಿನ ಬಗ್ಗೆ ಪ್ರೇಮ ಉಕ್ಕಿ ಬಂದ ವಿದ್ಯಾರ್ಥಿಗೆ ಗೈಡ್ ಮಾಡುವ ಮೊದಲ ಉಪಕಾರವೆಂದರೆ ವಿಷಯವನ್ನು ಕತ್ತರಿಸುವುದು. ‘ಭಾರತದಲ್ಲಿ ಸ್ಕಾಟರು’ ಎಂಬುದು ಆರು ವರ್ಷದಲ್ಲಿ ಮುಗಿಯುವ ವಿಷಯವಲ್ಲ. ‘1806ರಿಂದ 1811ರವರೆಗೆ ದಿಲ್ಲಿಯ ರೆಸಿಡೆಂಟ್ ಆಗಿದ್ದ ಆರ್ಚಿಬಾಲ್ಡ್ ಸೀಟನ್ ಕೆಂಪುಕೋಟೆಯ ಜೊತೆ ನಡೆಸಿದ ವ್ಯವಹಾರ’ ಎಂಬುದು ಮುಗಿಯುತ್ತದೆ.

ಕಡತಗಳಿರುವುದು ಜನಪಥದ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ. 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಆಗಿ ಹುಟ್ಟಿದ ಸಂಸ್ಥೆ ಅದು. ರಾಜಧಾನಿಯ ಬೆನ್ನು ಹತ್ತಿ ದಿಲ್ಲಿಗೆ ಬಂತು. ಲುಟಿಯನ್ಸ್ ವಿನ್ಯಾಸದ ಕಟ್ಟಡ 1926ರಲ್ಲಿ ಮುಗಿಯಿತು. ಗುರುತಿನ ಚೀಟಿ, ವಿಭಾಗದ ಪತ್ರ ತೋರಿಸಿ ಹೆಸರು ನೋಂದಾಯಿಸಿಕೊಳ್ಳಬೇಕು. ಸೂಚಿಯಲ್ಲಿ ಕಡತದ ಸಂಖ್ಯೆ ಹುಡುಕಿ ಚೀಟಿ ಬರೆದು ಕೊಟ್ಟು ಕಾಯಬೇಕು. ಕೆಲವು ಚೀಟಿಗಳು ‘ಎನ್‌ಟಿ’ ಎಂಬ ಎರಡಕ್ಷರ ಹೊತ್ತು ಮರಳುತ್ತವೆ: ಇಲಾಖೆಯಿಂದ ಇಲ್ಲಿಗೆ ವರ್ಗವೇ ಆಗಿಲ್ಲ ಎಂದರ್ಥ. ಕಾಗದ ಪುಡಿಯಾಗುವಂತಿದ್ದರೆ ಅದೂ ಸಿಗದು. ದಿಲ್ಲಿಯ ಸಂಶೋಧಕರು ಚಹಾದ ಹೊತ್ತಿನಲ್ಲಿ ಈ ಚೀಟಿಗಳ ಕಥೆಯನ್ನೇ ಹೇಳಿಕೊಳ್ಳುತ್ತಾರೆ. ಅಭಿಲೇಖ ಪಟಲ್ ಎಂಬ ಜಾಲತಾಣ ಬಂದ ಮೇಲೆ ಎಷ್ಟೋ ಕಡತಗಳನ್ನು ನೊಯಿಡಾದ ಬಾಡಿಗೆ ಕೋಣೆಯಲ್ಲೇ ಕೂತು ಓದಬಹುದು. ಆದರೂ ಹುಡುಕಿದ ಕಡತದ ಪಕ್ಕದಲ್ಲಿ ಹುಡುಕದ ಇನ್ನೊಂದು ಕೈಗೆ ಸಿಗುವ ಭಾಗ್ಯ ಪರದೆಯ ಮೇಲೆ ಕಡಿಮೆ.

ಇಲ್ಲಿ ಕೂತು ದುಡಿದು ಜಗತ್ತಿಗೇ ಕಾಣುವಂಥ ಪುಸ್ತಕ ಬರೆದ ಸ್ಕಾಟ್ ಒಬ್ಬ ನಮ್ಮ ಕಾಲದಲ್ಲೇ ಇದ್ದಾನೆ. ಎಡಿನ್‌ಬರೋದಲ್ಲಿ ಹುಟ್ಟಿದ ವಿಲಿಯಂ ಡಾಲ್ರಿಂಪಲ್ ಮೆಹ್ರೌಲಿಯ ಕಡೆಯ ತೋಟದಮನೆಯಲ್ಲಿ ನೆಲೆಸಿದವನು. ಅವನ ಹೆಂಡತಿ, ಚಿತ್ರಕಾರ್ತಿ ಒಲಿವಿಯಾ ಫ್ರೇಸರ್, ಕೊಲೆಯಾದ ಕಮಿಷನರನ ವಂಶಕ್ಕೆ ಸೇರಿದವಳು. 1857ರ ದಿಲ್ಲಿಯ ಕುರಿತ ಅವನ ಪುಸ್ತಕಕ್ಕೆ ಬೆನ್ನೆಲುಬಾದದ್ದು ಜನಪಥದಲ್ಲಿದ್ದ ಸುಮಾರು 20,000 ಪರ್ಷಿಯನ್, ಉರ್ದು ಕಾಗದಗಳು. ಅವು ‘ಮ್ಯೂಟಿನಿ ಪೇಪರ್ಸ್’ ಎಂದು ಹೆಸರಾಗಿವೆ. ಆದರೆ ಶಿಕಸ್ತಾ ಎಂಬ ಆ ಕೈಬರಹ ಓದಿದವರು ಮಹಮೂದ್ ಫಾರೂಖಿಯಂಥವರು. 2010ರಲ್ಲಿ ಫಾರೂಖಿ ಆ ಕಾಗದಗಳ ಅನುವಾದವನ್ನೇ ಬೇರೆ ಪುಸ್ತಕವಾಗಿ ತಂದರು. ಭಾಷೆ ಬಲ್ಲವರಿಲ್ಲದೆ ಹೋದರೆ ಕಡತ ಬಾಯಿ ಬಿಡುವುದಿಲ್ಲ. ಈ ಮಾತು ಕನ್ನಡಕ್ಕೆ ಇನ್ನೂ ಬಲವಾಗಿ ಅನ್ವಯಿಸುತ್ತದೆ, ಯಾಕೆಂದರೆ ಸ್ಕಾಟ್ಲೆಂಡಿನ ಮಕ್ಕಳು ಬಿಟ್ಟುಹೋದ ಅತಿ ದೊಡ್ಡ ಕಾಗದದ ರಾಶಿಗಳಲ್ಲೊಂದು ನಮ್ಮ ಭಾಷೆಯನ್ನೂ ಹೊತ್ತುಕೊಂಡಿದೆ.

ಅದು ಕಾಲಿನ್ ಮೆಕೆಂಜಿಯ ಸಂಗ್ರಹ.

ಮೆಕೆಂಜಿ 1754ರಲ್ಲಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರಿನಲ್ಲಿ. ಗೇಲಿಕ್ ಇಂದಿಗೂ ಉಸಿರಾಡುವ ನೆಲ ಅದು. ಅವನು ಹುಟ್ಟುವ ಎಂಟು ವರ್ಷ ಮೊದಲು, 1746ರಲ್ಲಿ, ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡಿನ ಬಂಡಾಯ ಮುಗಿದಿತ್ತು. ಸರ್ಕಾರ ಅಲ್ಲಿನವರ ಉಡುಪನ್ನೂ ನಿಷೇಧಿಸಿತು. ಮರುವರ್ಷದಿಂದಲೇ ವಿಲಿಯಂ ರಾಯ್‌ನ ಸೇನಾ ಮೋಜಣಿ ಆ ಗುಡ್ಡಗಾಡನ್ನು ನಕ್ಷೆಗಿಳಿಸತೊಡಗಿತು. ಅದು 1755ರವರೆಗೆ ನಡೆಯಿತು. ಸೋತ ನೆಲವನ್ನು ಅಳೆಯುವುದೆಂದರೆ ಏನೆಂದು ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುಂಕದ ಕಚೇರಿಯಲ್ಲಿದ್ದ ಮೆಕೆಂಜಿ 1783ರಲ್ಲಿ ಕಂಪನಿ ಸೇನೆ ಸೇರಿ ಮದರಾಸಿಗೆ ಬಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟನೇ. ಹಿಂದೆ ಅದೇ ಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಮುಂದಿನ ಹತ್ತು ವರ್ಷ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆದ, ಸುಮಾರು 40,000 ಚದರ ಮೈಲಿ. ಗೆದ್ದವರ ಪರವಾಗಿ ನೆಲ ಅಳೆಯಲು ನಿಂತ ಈ ದ್ವೀಪವಾಸಿಗೆ ತನ್ನ ಊರಿನ ನೆನಪು ಎಷ್ಟು ಬಂದಿರಬಹುದು? ಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ ಇದು, ಊಹೆಗೆ ಬಿಡುವಂಥದ್ದಲ್ಲ.

ಅವನು ಅಳತೆಯಷ್ಟಕ್ಕೆ ನಿಲ್ಲಲಿಲ್ಲ. ಶಾಸನ, ನಾಣ್ಯ, ಓಲೆಗರಿ, ಊರಿನ ಕಥೆ ಎಲ್ಲವನ್ನೂ ಬಾಚಿದ. ಊರಿನ ಶಾನುಭೋಗರು, ದೇವಸ್ಥಾನದವರು, ಹಳೆಯ ಪಾಳೆಯಗಾರರ ಮನೆಯವರು ಹೇಳಿದ ಸ್ಥಳವೃತ್ತಾಂತಗಳನ್ನು ಬರೆಸಿಕೊಂಡ. ಇವೇ ಕೈಫಿಯತ್ತುಗಳು. ಮೆಕೆಂಜಿ ಸತ್ತ ಮೇಲೆ ಎಚ್.ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಮಾಡಿದಾಗ ಶಾಸನದ ಪ್ರತಿಗಳೇ 8,076, ನಾಣ್ಯಗಳು 6,218 ಇದ್ದವು. ಕಂಪನಿ ಸರ್ಕಾರ ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಇದನ್ನೆಲ್ಲ ಕೊಂಡಿತು. ರಾಶಿ ಒಡೆದು ಮದರಾಸಿಗೂ ಲಂಡನ್ನಿಗೂ ಹೋಯಿತು. ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳು, ಮೋಜಣಿಯ ವರದಿಗಳು ದಿಲ್ಲಿಯ ಅಭಿಲೇಖಾಗಾರಕ್ಕೆ ಬಂದವು. ಕರ್ನಾಟಕಕ್ಕೆ ಸಂಬಂಧಿಸಿದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು.

ಇಷ್ಟೆಲ್ಲ ಕೂಡಿಟ್ಟ ಮೆಕೆಂಜಿಗೆ ಇಲ್ಲಿನ ಭಾಷೆಗಳು ಸರಿಯಾಗಿ ಬರುತ್ತಿರಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಕೆಲಸವೆಲ್ಲ ನಿಂತಿದ್ದದ್ದು ಏಲೂರಿನ ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇಂಥವರ ಮೇಲೆ. 1816ರಲ್ಲಿ ಥಾಮಸ್ ಹಿಕಿ ಬರೆದ ತೈಲಚಿತ್ರವೊಂದಿದೆ. ಕೆಂಪು ಸಮವಸ್ತ್ರದ ಮೆಕೆಂಜಿ ನಡುವೆ, ಸುತ್ತ ಮೂವರು ಭಾರತೀಯರು, ದೂರದ ಗುಡ್ಡದ ಮೇಲೆ ಗೊಮ್ಮಟ. ಅದು ಕಾರ್ಕಳದ ಮೂರ್ತಿ, ಆ ಮೂವರಲ್ಲಿ ಒಬ್ಬ ಧರ್ಮಯ್ಯ ಎಂದು ವಿದ್ವಾಂಸರು ಗುರುತಿಸುತ್ತಾರೆ. 2017ರಲ್ಲಿ ಸ್ಟಾರ್ನೊವೇಯ ಜನ ತಮ್ಮೂರಿನ ಈ ಮಗನ ಬಗ್ಗೆ ಪ್ರದರ್ಶನ ಏರ್ಪಡಿಸಿದಾಗ ಚಿತ್ರ ಲಂಡನ್ನಿನಿಂದ ಆ ದ್ವೀಪಕ್ಕೆ ಹೋಗಿತ್ತು. ಹೀಗೆ ಕಾರ್ಕಳದ ಗೊಮ್ಮಟ ಅಟ್ಲಾಂಟಿಕ್ ತೀರವನ್ನೂ ನೋಡಿದ.

ಮೆಕೆಂಜಿ 1821ರಲ್ಲಿ ತೀರಿಕೊಂಡ ನಂತರ ಉಳಿದ ಕೆಲಸವನ್ನು ತಾನು ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡ. 1830ರ ದಶಕದಲ್ಲಿ ಈ ವಿಷಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಬಂದಾಗ, ದೇಶೀಯನೊಬ್ಬನಿಗೆ ಅದು ಆಗದ ಕೆಲಸವೆಂದು ತಳ್ಳಿಹಾಕಿದರು. ಹತ್ತಾರು ವರ್ಷ ಊರೂರು ಅಲೆದು, ಓದಿ, ಬರೆದು, ಅನುವಾದಿಸಿದವನು ಸ್ವತಂತ್ರ ಸಂಶೋಧಕನಾಗಲು ಅನರ್ಹನಾದ. ಕೆಲಸ ಮಾಡಿದವರು ಯಾರು, ಹೆಸರು ಬಂದದ್ದು ಯಾರಿಗೆ ಎಂಬ ಈ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ.

ಮೆಕೆಂಜಿಯ ಮೋಜಣಿ ತಂಡದಲ್ಲಿ ಇನ್ನೊಬ್ಬ ಸ್ಕಾಟ್ ಇದ್ದ, ಜಾನ್ ಲೇಡನ್. ಕುರುಬರ ಸೀಮೆಯಾದ ಡೆನ್‌ಹಂ ಹಳ್ಳಿಯಲ್ಲಿ 1775ರಲ್ಲಿ ಹುಟ್ಟಿದವನು. ವಾಲ್ಟರ್ ಸ್ಕಾಟ್ ಗಡಿಸೀಮೆಯ ಲಾವಣಿಗಳನ್ನು ಸಂಗ್ರಹಿಸುವಾಗ ಅವನ ಬಲಗೈ ಆಗಿದ್ದ. ಕಳೆದುಹೋದ ಹಾಡಿನ ಉಳಿದ ಸಾಲುಗಳಿಗಾಗಿ ಮೈಲಿಗಟ್ಟಲೆ ನಡೆದು ಮುದುಕರನ್ನು ಹುಡುಕುತ್ತಿದ್ದನಂತೆ. 1800ರಲ್ಲಿ ಹೈಲ್ಯಾಂಡಿನಲ್ಲಿ ಸುತ್ತಿ ಆಸಿಯನ್ ಕಾವ್ಯದ ಸತ್ಯಾಸತ್ಯ ವಿಚಾರಿಸಿದ್ದ. 1803ರಲ್ಲಿ ಮದರಾಸಿಗೆ ಬಂದು, ಮರುವರ್ಷ ಮೈಸೂರು ಮೋಜಣಿಗೆ ವೈದ್ಯನೂ ನಿಸರ್ಗಶಾಸ್ತ್ರಜ್ಞನೂ ಆಗಿ ಸೇರಿದ. ಶ್ರೀರಂಗಪಟ್ಟಣದ ಜ್ವರ ಅವನನ್ನು ಹಾಸಿಗೆಗೆ ಕೆಡವಿತು. ಹಾಸಿಗೆಯಲ್ಲೂ ಭಾಷೆ ಕಲಿಯುವ ಹಟ ಬಿಡಲಿಲ್ಲ. 1811ರಲ್ಲಿ ಜಾವಾದಲ್ಲಿ ಸತ್ತ. ಭಾರತಕ್ಕೆ ಎಂದೂ ಬಾರದ ವಾಲ್ಟರ್ ಸ್ಕಾಟ್ 1827ರಲ್ಲಿ ಹೈದರಾಲಿ, ಟಿಪ್ಪು ಇಬ್ಬರನ್ನೂ ತಂದು ‘ದ ಸರ್ಜನ್ಸ್ ಡಾಟರ್’ ಎಂಬ ಕಥೆ ಬರೆದ. ಸ್ಕಾಟಿಷ್ ಸಾಹಿತ್ಯದಲ್ಲಿ ಮೈಸೂರು ಹೇಗೆ ಕಾಣುತ್ತದೆ ಎಂದು ತಿಳಿಯಬೇಕೆಂದವರಿಗೆ ಅದು ಬಿಡಲಾಗದ ಓದು, ಆದರೆ ಕಥೆಯೇನೂ ಸ್ಕಾಟ್‌ನ ಉತ್ತಮ ಕೃತಿಗಳಲ್ಲಿ ಒಂದಲ್ಲ.

ಸಂಬಂಧ ಈ ಕಡೆಯಿಂದ ಆ ಕಡೆಗೂ ಹರಿದಿದೆ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕಾರಿ ಹೆಗ್ಗಡೆಯ ಮಗಳು’ ಶಾಲೆಗಳಲ್ಲಿ ಬಾಯಿಪಾಠವಾದ ಪದ್ಯ. ಅದರ ಮೂಲ ಗ್ಲಾಸ್ಗೋದ ಕವಿ ಥಾಮಸ್ ಕ್ಯಾಂಬೆಲ್ ಬರೆದ ಕಥನಗೀತೆ. ಅಲ್ಲಿನ ಹುಡುಗಿ ಹೈಲ್ಯಾಂಡ್ ನಾಯಕನೊಬ್ಬನ ಜೊತೆ ಓಡಿಬಂದು, ಬಿರುಗಾಳಿಯ ರಾತ್ರಿ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ದೋಣಿ ಹತ್ತುತ್ತಾಳೆ. ಶ್ರೀಯವರು ಹೆಸರುಗಳನ್ನು, ಕಡಲನ್ನು, ನಡವಳಿಕೆಯನ್ನು ಕನ್ನಡದ್ದನ್ನಾಗಿ ಮಾಡಿದರು. ಇಂಗ್ಲಿಷ್ ಗೀತಗಳಲ್ಲಿ ನಿಜಕ್ಕೂ ಇಂಗ್ಲೆಂಡಿನದು ಎಷ್ಟು, ಸ್ಕಾಟ್ಲೆಂಡಿನದು ಎಷ್ಟು? ಎಂ.ಎ. ಡಿಸರ್ಟೇಶನ್‌ಗೆ ಅಳತೆ ಮಾಡಿ ಹೊಲಿದಂಥ ಪ್ರಶ್ನೆ ಅದು.

ಐರ್ಲೆಂಡಿನ ಪಾಲೂ ಕಡಿಮೆಯಿಲ್ಲ. ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್, ಯೇಟ್ಸ್ ಮತ್ತು ಎ.ಇ. ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕವಿಯ ಜೊತೆ ಐರಿಷ್ ಪುನರುಜ್ಜೀವನದ ಚಳವಳಿಯಲ್ಲಿದ್ದವನು, 1915ರಲ್ಲಿ ಅನಿ ಬೆಸೆಂಟರ ಕರೆಗೆ ಮದರಾಸಿಗೆ ಬಂದ. ಮರುವರ್ಷ ಡಬ್ಲಿನ್ನಿನ ಈಸ್ಟರ್ ಬಂಡಾಯವನ್ನು ಹೊಗಳಿ ಬರೆದು ಬೆಸೆಂಟರ ಪತ್ರಿಕೆಯ ಕೆಲಸ ಕಳೆದುಕೊಂಡ. ಆಮೇಲೆ ಮದನಪಲ್ಲಿಯ ಕಾಲೇಜಿಗೆ ಹೋದ. 1924ರಲ್ಲಿ ಅವನು ಮೈಸೂರಿಗೆ ಬಂದಾಗ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಕಸಿನ್ಸ್ ಹೇಳಿದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಆ ಬುದ್ಧಿವಾದದ ಹಿಂದೆ ತನ್ನ ನೆಲದ ಐರಿಷ್ ಭಾಷೆಯ ಅವನತಿಯನ್ನು ಕಂಡ ತಲೆಮಾರಿನ ನೋವಿತ್ತು ಎಂಬುದರ ಕಡೆ ನಮ್ಮವರ ಗಮನ ಹೋದದ್ದು ಕಡಿಮೆ. ಅವನ ಹೆಂಡತಿ ಮಾರ್ಗರೆಟ್ ಕಸಿನ್ಸ್ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿದವರಲ್ಲಿ ಒಬ್ಬಳು. ಆಕೆಯ ಹೆಸರಿನ ಗ್ರಂಥಾಲಯ ದಿಲ್ಲಿಯ ಭಗವಾನ್ ದಾಸ್ ರಸ್ತೆಯಲ್ಲಿ, ಸುಪ್ರೀಂ ಕೋರ್ಟಿನ ಹತ್ತಿರವೇ ಇದೆ. ಮಂಡಿ ಹೌಸ್ ಮೆಟ್ರೋ ನಿಲ್ದಾಣದ ಒಂದು ಬದಿಗೆ ಆ ಗ್ರಂಥಾಲಯ, ಇನ್ನೊಂದು ಬದಿಗೆ ಕನ್ನಡ ಪುಸ್ತಕಗಳೂ ಇರುವ ಸಾಹಿತ್ಯ ಅಕಾಡೆಮಿಯ ಗ್ರಂಥಾಲಯ. ಕಸಿನ್ಸ್ ಮತ್ತು ಕುವೆಂಪು ಇಬ್ಬರನ್ನೂ ಒಂದೇ ದಿನದಲ್ಲಿ ಓದಬಹುದಾದ ಇಂಥ ಅನುಕೂಲ ಬೇರೆ ಊರುಗಳಲ್ಲಿ ಅಪರೂಪ.

ಗೇಲಿಕ್ ಕಲಿಯುವುದು ಈಗ ಮೊದಲಿನಷ್ಟು ದುರ್ಲಭವಲ್ಲ. ಸ್ಕೈ ದ್ವೀಪದಲ್ಲಿ 1973ರಲ್ಲಿ ಶುರುವಾದ ಸಾಬಲ್ ಮೋರ್ ಓಸ್ಟೆಗ್ ಕಾಲೇಜು ದೂರಶಿಕ್ಷಣದಲ್ಲೂ ಅದನ್ನು ಕಲಿಸುತ್ತದೆ. ಡುವೊಲಿಂಗೊದಲ್ಲಿ 2019ರಿಂದ ಗೇಲಿಕ್ ಪಾಠ ಇದೆ. ಸ್ಕಾಟ್ಲೆಂಡಿಗೆ ಹೋಗಿ ಕೆಲವು ವಾರ ಕಡತ ನೋಡಿ ಬರಬೇಕೆಂದವರಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಸಹಾಯಧನ ಕೊಡುತ್ತದೆ. ಪೂರ್ಣಾವಧಿಯ ಓದಿಗೆ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವಿದೆ. ಎರಡಕ್ಕೂ ಸ್ಪರ್ಧೆ ಬಿರುಸು. ವೀಸಾ, ವಿಮಾನದ ಖರ್ಚಿನ ಮಾತು ಬಂದಾಗ ಎಷ್ಟೋ ಆಸೆಗಳು ಅಲ್ಲೇ ಮುದುಡುತ್ತವೆ ಎಂಬುದೂ ನಿಜ.

ಹಾಗಿದ್ದರೂ ದಿಲ್ಲಿಯ ಕನ್ನಡ ಮನೆಯ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್, ಗೆಳೆಯರ ಸಹವಾಸದಿಂದ ಒಂದಿಷ್ಟು ಉರ್ದು. ಲೋದಿ ಎಸ್ಟೇಟಿನ ದಿಲ್ಲಿ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿ, ಕರ್ನಾಟಕ ಸಂಘದ ನಾಟಕ ನೋಡಿ ಬೆಳೆದವರು ಇದನ್ನೊಂದು ವಿದ್ವತ್ತಿನ ಬಂಡವಾಳವೆಂದು ಭಾವಿಸುವುದಿಲ್ಲ. ಫ್ರೇಸರನ ದಿಲ್ಲಿಯನ್ನೂ ಮೆಕೆಂಜಿಯ ಮೈಸೂರನ್ನೂ ಒಂದೇ ಪ್ರಬಂಧದಲ್ಲಿ ಇಟ್ಟು ಓದಬೇಕಾದವರಿಗೆ ಬೇಕಾದದ್ದು ಇದೇ ಬಂಡವಾಳ. ಜೆಎನ್‌ಯುವಿನಲ್ಲಿ ಕರ್ನಾಟಕ ಸರ್ಕಾರದ ನೆರವಿನಿಂದ ಕನ್ನಡ ಪೀಠ ಬಂದು, ಜಾನಪದ ವಿದ್ವಾಂಸ ಪುರುಷೋತ್ತಮ ಬಿಳಿಮಲೆ ಅದರ ಮೊದಲ ಮುಖ್ಯಸ್ಥರಾದ ಮೇಲೆ ಹಳಗನ್ನಡದ ಕೃತಿಗಳು ಇಂಗ್ಲಿಷಿಗೆ ಹೋದವು. ಎಡಿನ್‌ಬರೋ ಅಥವಾ ಗ್ಲಾಸ್ಗೋದ ವಿದ್ಯಾರ್ಥಿಗೆ ಮೆಕೆಂಜಿಯ ಇಂಗ್ಲಿಷ್ ಪತ್ರಗಳು ಸುಲಭ, ಕೈಫಿಯತ್ತು ಕಬ್ಬಿಣದ ಕಡಲೆ. ಕೈಫಿಯತ್ತನ್ನು ಓದಬಲ್ಲ ಕನ್ನಡದ ವಿದ್ಯಾರ್ಥಿ ಲೂಯಿಸ್ ದ್ವೀಪವನ್ನು ನಕ್ಷೆಯಲ್ಲೂ ಹುಡುಕಿರುವುದಿಲ್ಲ.

ಇವರಿಬ್ಬರ ನಡುವೆ ಬಾಕಿ ಬಿದ್ದಿರುವ ಕೆಲಸ ಪಟ್ಟಿ ಮಾಡಿದರೆ ಉದ್ದವಾದೀತು. ಮಲೆಯೂರಿನ ಧರ್ಮಯ್ಯ ಮೆಕೆಂಜಿಗೆ ಒದಗಿಸಿದ ಸಾಮಗ್ರಿ ಯಾವುದು, ಅದರಲ್ಲಿ ಎಷ್ಟು ಇಂಗ್ಲಿಷಿಗೆ ಹೋಗುವಾಗ ಬದಲಾಯಿತು? ಮೋಜಣಿಯ ನಕ್ಷೆಯಲ್ಲಿ ನಮೂದಾದ ಊರುಗಳಿಗೂ ಅದೇ ಊರುಗಳ ಕೈಫಿಯತ್ತಿಗೂ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ತಪ್ಪುತ್ತದೆ? ಮೊದಲನೆಯದಕ್ಕೆ ಲಂಡನ್ ಮತ್ತು ಚೆನ್ನೈ ಎರಡೂ ಕಡೆ ಹೋಗಬೇಕಾದೀತು. ಎರಡನೆಯದನ್ನು ಜನಪಥದ ನಕ್ಷೆಗಳನ್ನೂ ಕಲಬುರ್ಗಿಯವರ ಸಂಪುಟವನ್ನೂ ಪಕ್ಕಪಕ್ಕ ಹರಡಿಕೊಂಡು, ಚಿತ್ರದುರ್ಗವೋ ಶ್ರೀರಂಗಪಟ್ಟಣವೋ ಒಂದೇ ಸೀಮೆಯನ್ನು ಆರಿಸಿಕೊಂಡು, ದಿಲ್ಲಿಯಲ್ಲಿ ಕೂತೇ ಶುರುಮಾಡಬಹುದು.